ಪದಚರ್ಚೆ: ಡಿವಿಡಿ ‘ಬರ್ನ್’ ಮಾಡುವುದಕ್ಕೆ ಏನನ್ನೋಣ? ಫಲಕ ಶುಕ್ರವಾರ ಅಚ್ಚಿಗೆ

ಶಿರಸಿ, ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಅಂಗಡಿಗೆ ಹೊಸ ಫಲಕ ಮಾಡಿಸುತ್ತಿದ್ದೇವೆ. ಶುಕ್ರವಾರ ಬೆಳಿಗ್ಗೆ ಫ್ಲೆಕ್ಸ್‌ನವರಿಗೆ ಸಾಲು ಕೊಡಬೇಕು. ಜತೆಗೆ ಒಳಗೆ ಕಂಪ್ಯೂಟರಿನ ಪಕ್ಕ ಅಂಟಿಸಲು ಒಂದು ಹಾಳೆ ಬೇಕು. ಡಿಸ್ಕ್ ಯಾಕೆ ಓಡಲಿಲ್ಲ, ಮೊದಲು ಎಲ್ಲಿ ನೋಡಬೇಕು ಅಂತ ಕೆಲಸದ ಹುಡುಗರಿಗೆ ತಿಳಿಯುವ ಹಾಗೆ. ಇಬ್ಬರೂ ಚುರುಕಿನವರೇ, ಆದರೆ ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿ ಏನಾದರೂ ಎಚ್ಚರಿಕೆ ಕೊಟ್ಟರೆ ಓದದೆ ‘ಓಕೆ’ ಒತ್ತಿಬಿಡುತ್ತಾರೆ.

ಡಿವಿಡಿ ಈಗ ಯಾರಿಗೆ ಬೇಕು ಅಂತ ದಯವಿಟ್ಟು ಕೇಳಬೇಡಿ. ಉಪನಯನ, ಮದುವೆ, ಯಕ್ಷಗಾನದ ಹಳೇ ಟೇಪು ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ. ಅಜ್ಜ ಅಜ್ಜಿಗೆ ಟಿವಿ ಕೆಳಗಿನ ಪ್ಲೇಯರೇ ರೂಢಿ.

ಬೇಕಾದ ಪದಗಳು: ಬರ್ನ್ (ಖಾಲಿ ಡಿಸ್ಕಿಗೆ ವಿಡಿಯೊ ಹಾಕುವುದು), ಫೈನಲೈಸ್ (ಇನ್ನೇನೂ ಸೇರಿಸದ ಹಾಗೆ ಡಿಸ್ಕ್ ಮುಗಿಸುವುದು), ರೆಂಡರ್ (ಎಡಿಟ್ ಮಾಡಿದ್ದನ್ನು ಕಂಪ್ಯೂಟರ್ ಒಂದು ವಿಡಿಯೊ ಕಡತವಾಗಿ ಮಾಡುವುದು), ಬಫರ್ ಅಂಡರ್‌ರನ್ (ಬರೆಯುವಾಗ ಡ್ರೈವಿನ ತಾತ್ಕಾಲಿಕ ಮೆಮೊರಿ ಖಾಲಿಯಾಗುವುದು). ಫಲಕದ ಸಾಲು ಸದ್ಯ ಹೀಗಿದೆ: ‘ಹಳೆಯ ಟೇಪುಗಳನ್ನು ಡಿವಿಡಿಗೆ ……. ಕೊಡಲಾಗುತ್ತದೆ’. ಖಾಲಿ ಜಾಗಕ್ಕೆ ‘ಸುಟ್ಟು’ ಅಂತ ಹಾಕಿ ಎಂದು ಒಬ್ಬರು ಹೇಳಿದರು. ನನಗೆ ಕಸಿವಿಸಿ.

ಧಾರವಾಡ:

ಸುಡು ಬೇಡವೇ ಬೇಡ. ಇಂಗ್ಲಿಷಿನವರು ಏನನ್ನು ಸುಟ್ಟರೂ ನಾವೂ ಸುಡಬೇಕೆ? ‘ಕಂಡರಿಸು’ ಎನ್ನಿ. ಶಾಸನ ಕೊರೆದವನು ಅಕ್ಷರ ಕಂಡರಿಸುತ್ತಿದ್ದ. ಬನವಾಸಿ ನಿಮ್ಮ ತಾಲ್ಲೂಕಿನಲ್ಲೇ ಇದೆ, ಮಧುಕೇಶ್ವರ ದೇವಸ್ಥಾನಕ್ಕೆ ಹೋಗಿ ಕಲ್ಲುಗಳನ್ನು ನೋಡಿ ಬನ್ನಿ. ಫೈನಲೈಸ್‌ಗೆ ‘ಅಂಕಿತಗೊಳಿಸು’. ರೆಂಡರ್‌ಗೆ ‘ರೂಪಿಸು’. ಬಫರ್ ಅಂಡರ್‌ರನ್ ಎಂಬುದು ಪದವೇ ಅಲ್ಲ.

ಹೊನ್ನಾವರ, ಕಂಪ್ಯೂಟರ್ ಕಲಿಸುವ ಅಕ್ಕೋರು:

> ‘ಕಂಡರಿಸು’ ಎನ್ನಿ

ಕಂಡರಿಸಿ ಕೊಡಲಾಗುತ್ತದೆ ಅಂತ ಬೋರ್ಡ್ ಹಾಕಿದರೆ ಜನ ಗ್ರಾನೈಟಿನ ಅಂಗಡಿ ಅಂದುಕೊಂಡು ಮುಂದೆ ಹೋಗುತ್ತಾರೆ.

ತಮಾಷೆ ಪಕ್ಕಕ್ಕಿರಲಿ. ಕೊರೆಯುವುದು, ಕಂಡರಿಸುವುದು ಎರಡೂ ಇಲ್ಲಿ ಕೂಡುವುದಿಲ್ಲ. ಕಾರ್ಖಾನೆಯಿಂದ ಬರುವ ಸಿನಿಮಾ ಡಿವಿಡಿಯಲ್ಲಿ ಸಣ್ಣ ಸಣ್ಣ ಗುಳಿಗಳು ಇರುತ್ತವೆ ನಿಜ. ಆದರೆ ಅವನ್ನು ಯಾರೂ ಕೊರೆಯುವುದಿಲ್ಲ, ಅಚ್ಚಿನಲ್ಲಿ ಒತ್ತುತ್ತಾರೆ. ಸ್ಟುಡಿಯೋದಲ್ಲಿ ಬಳಸುವ ಖಾಲಿ ಡಿಸ್ಕಿನಲ್ಲಿ ಗುಳಿಯೇ ಇಲ್ಲ. ಒಂದು ಬಣ್ಣದ ಪದರ ಇರುತ್ತದೆ. ಸುಮಾರು 650 ನ್ಯಾನೊಮೀಟರ್‌ನ ಕೆಂಪು ಲೇಸರ್ ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುತ್ತದೆ. ಓದುವಾಗ ಗುರುತಾದ ಜಾಗದಿಂದ ಬೆಳಕು ಕಡಿಮೆ ಹಿಂದಿರುಗುತ್ತದೆ, ಅಷ್ಟೇ. ಅಳಿಸಿ ಮತ್ತೆ ಬಳಸುವ ಡಿಸ್ಕಿನಲ್ಲಿ ಬಣ್ಣದ ಬದಲು ಮಿಶ್ರಲೋಹದ ಪದರ. ಅದೂ ಕಾವಿಗೇ ಬದಲಾಗುತ್ತದೆ. ಅಂದರೆ ಶಾಖ ಇದೆ, ಕೆತ್ತನೆ ಇಲ್ಲ.

ಹಾಗಂತ ‘ಸುಟ್ಟು’ ಹಾಕಲೂ ಬೇಡಿ ಮಾರಾಯ್ರೇ. ಮದುವೆ ಡಿವಿಡಿ ಸುಟ್ಟುಕೊಡುತ್ತೇವೆ ಅಂದರೆ ಹೆಣ್ಣಿನ ಕಡೆಯವರು ಮೆಟ್ಟಿಲು ಹತ್ತುವುದಿಲ್ಲ. ನಮ್ಮ ಕಡೆ ಸುಟ್ಟುಹೋಯಿತು ಅಂದರೆ ಪಂಪ್‌ಸೆಟ್ಟಿನ ಮೋಟರ್ ಹೋಯಿತು ಅಂತಲೇ ಅರ್ಥ, ಅಲ್ವಾ?

ಬೆಂಗಳೂರು:

ಬರ್ನ್ ಅಂತಲೇ ಬಿಡಿ. ಗುಂಡಿಯ ಮೇಲೆ ಅದೇ ಇರುತ್ತದೆ, ಹುಡುಗರು ಹುಡುಕುವುದೂ ಅದನ್ನೇ. ಇಂಗ್ಲಿಷಿನಲ್ಲೂ ಅದು ಅರ್ಧ ತಮಾಷೆಯ ಮಾತು. ‘ನೀರೋ ಬರ್ನಿಂಗ್ ರಾಮ್’ (ROM) ಅನ್ನುವ ಸಾಫ್ಟ್‌ವೇರಿನ ಹೆಸರೇ ದೊರೆ ನೀರೋ ಕಾಲದಲ್ಲಿ ರೋಮ್ ಹೊತ್ತಿ ಉರಿದದ್ದರ ಮೇಲಿನ ಚಮತ್ಕಾರ. ಉರಿಯುವ ಕೊಲೋಸಿಯಮ್ಮೇ ಅದರ ಚಿಹ್ನೆ.

ಧಾರವಾಡ:

ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ. ಕೊಲೋಸಿಯಂ ಕಟ್ಟಲು ಶುರುಮಾಡಿದ್ದೇ ನೀರೋ ಸತ್ತ ಮೇಲೆ. ಇಂಥವರಿಂದ ನಾವು ಪದ ಕಲಿಯಬೇಕಂತೆ.

ಕಾರವಾರ, ನಿವೃತ್ತ ಮಾಸ್ತರು:

ಪದ ನಿಮ್ಮ ಬಾಯಲ್ಲೇ ಇದೆ, ಯಾರಿಗೂ ಕಾಣುತ್ತಿಲ್ಲ. ಬರೆ!

ಬರೆ ಅಂದರೆ ಲೇಖನ ಬರೆ ಮಾತ್ರವೇ? ಕಾಯಿಸಿದ ಕಬ್ಬಿಣದಿಂದ ಮೈಮೇಲೆ ಎಳೆಯುವುದೂ ಬರೆ. ಕಾಮಾಲೆಗೆ ಬರೆ ಹಾಕುತ್ತಿದ್ದುದನ್ನು ಕಂಡವರು ಈ ಗುಂಪಿನಲ್ಲೂ ಇರಬಹುದು. ‘ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತು’ ಅಂತ ಗಾದೆ ಇದೆಯಲ್ಲ, ಅಲ್ಲಿ ಬರೆ ಅಂದರೆ ಗೆರೆಯೂ ಹೌದು, ಸುಟ್ಟ ಗುರುತೂ ಹೌದು. ಗೆರೆ, ಅಕ್ಷರ, ಸುಟ್ಟ ಗುರುತು ಮೂರೂ ಒಂದೇ ಪದದಲ್ಲಿ. ತಮಿಳಿನ ‘ವರೈ’ ಇದರದೇ ಒಡಹುಟ್ಟು. ಅವರ ವಾ ನಮಗೆ ಬಾ, ವಿಲ್ ಬಿಲ್ಲು, ವೇರ್ ಬೇರು, ವರೈ ಬರೆ.

ಈಗ ಅಕ್ಕೋರು ಹೇಳಿದ್ದನ್ನು ಇನ್ನೊಮ್ಮೆ ಓದಿ. ಲೇಸರ್ ಕಾವಿನಿಂದ ಸುರುಳಿ ಗೆರೆಯಲ್ಲಿ ಗುರುತು ಎಳೆಯುತ್ತದೆ. ಇದು ಬರೆಯಲ್ಲದೆ ಇನ್ನೇನು? ಇಂಗ್ಲಿಷಿನವರಿಗೆ ‘ಬರ್ನ್’ ಬೇರೆ, ‘ರೈಟ್’ ಬೇರೆ. ಅವರ ಸಾಫ್ಟ್‌ವೇರಿನಲ್ಲಿ ಒಂದು ಕಡೆ ಅದು, ಇನ್ನೊಂದು ಕಡೆ ಇದು. ನಮಗೆ ಒಂದೇ ಸಾಕು.

ಬೆಂಗಳೂರು:

ಮಾಸ್ತರೇ, ಧಾತು ಚೆನ್ನಾಗಿದೆ. ಶಿರಸಿಯವರಿಗೆ ಬೇಕಾಗಿರುವುದು ಬೋರ್ಡು.

ಶಿರಸಿ, ಸ್ಟುಡಿಯೋ:

ಮಾಸ್ತರ ಬರೆ ನನಗೆ ಹಿಡಿಸಿತು. ‘ಟೇಪುಗಳನ್ನು ಡಿವಿಡಿಗೆ ಬರೆದುಕೊಡಲಾಗುತ್ತದೆ’. ಓದಿದವರಿಗೆ ತಿಳಿಯುತ್ತದೆ, ಯಾರೂ ಬೆಚ್ಚುವುದಿಲ್ಲ. ಫಲಕ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇನೆ.

ಕಷ್ಟ ಇರುವುದು ಹಾಳೆಯಲ್ಲಿ. ನಿನ್ನೆಯದನ್ನೇ ಕೇಳಿ. ಮಗಳ ಭರತನಾಟ್ಯದ ವಿಡಿಯೊ ಅಂತ ಒಬ್ಬರು ಡಿಸ್ಕ್ ವಾಪಸ್ ತಂದರು. ನಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ, ಅವರ ಪ್ಲೇಯರಿನಲ್ಲಿ ಓಡುವುದಿಲ್ಲ. ಹುಡುಗನನ್ನು ಕೇಳಿದರೆ ‘ಬರ್ನ್ ಮಾಡಿದೆನಲ್ಲ’ ಅನ್ನುತ್ತಾನೆ. ಮಾಡಿದ್ದು ಹೌದು. ಎಂಪಿ4 ಕಡತವನ್ನು ಹಾಗೇ ಡಿಸ್ಕಿಗೆ ಎಳೆದು ಹಾಕಿದ್ದಾನೆ. ಪಾಪ, ಸಾಫ್ಟ್‌ವೇರಿನಲ್ಲಿ ಅದಕ್ಕೂ ಬರ್ನ್, ಇದಕ್ಕೂ ಬರ್ನ್.

ಹೊನ್ನಾವರ, ಅಕ್ಕೋರು:

ಈಗ ಸರಿಯಾದ ಜಾಗಕ್ಕೆ ಬಂದಿರಿ. ಇಲ್ಲಿ ಪದ ಚಂದ ಇದ್ದರೆ ಸಾಲದು, ಎರಡು ಕೆಲಸಗಳನ್ನು ಬೇರೆ ಮಾಡಿ ತೋರಿಸಬೇಕು.

ಕಡತವನ್ನು ಇದ್ದ ಹಾಗೇ ಹಾಕುವುದು ಒಂದು. ಅದಕ್ಕೆ ‘ತುಂಬು’ ಅನ್ನಿ. ಇನ್ನೊಂದು, ಹಳೇ ಪ್ಲೇಯರಿಗೆ ತಿಳಿಯುವ ರೂಪಕ್ಕೆ ತರುವುದು. ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ ಚಿತ್ರ 720 ಬೈ 576, ಸೆಕೆಂಡಿಗೆ 25 ಫ್ರೇಮು, ಎಂಪೆಗ್-2. ಅದು ‘ವಿಡಿಯೊ ಟಿಎಸ್’ ಎಂಬ ಫೋಲ್ಡರಿನಲ್ಲಿ ವಿಒಬಿ, ಐಎಫ್‌ಒ, ಬಿಯುಪಿ ಕಡತಗಳಾಗಿ ಕೂರಬೇಕು. ಈ ಕೆಲಸಕ್ಕೆ ಸಾಫ್ಟ್‌ವೇರಿನವರು ‘ಆಥರಿಂಗ್’ ಅನ್ನುತ್ತಾರೆ. ನಾನು ತರಗತಿಯಲ್ಲಿ ‘ಕಟ್ಟು’ ಅನ್ನುತ್ತೇನೆ. ವೇಷ ಕಟ್ಟದೆ ರಂಗಕ್ಕೆ ಬಿಡುತ್ತಾರೆಯೇ? ಮಕ್ಕಳಿಗೆ ಅಲ್ಲಿಗೇ ತಲೆಗೆ ಹೋಗುತ್ತದೆ.

ಹಾಗಾದರೆ ಹಾಳೆಯಲ್ಲಿ ಮೊದಲ ಪ್ರಶ್ನೆಯೇ ಇದು: ಪ್ಲೇಯರಿನಲ್ಲಿ ಓಡಲಿಲ್ಲವೇ? ಡಿಸ್ಕ್ ತೆರೆದು ನೋಡಿ. ‘ವಿಡಿಯೊ ಟಿಎಸ್’ ಫೋಲ್ಡರ್ ಇಲ್ಲದಿದ್ದರೆ ನೀವು ತುಂಬಿದ್ದೀರಿ, ಕಟ್ಟಿಲ್ಲ. ಫೋಲ್ಡರ್ ಇದ್ದೂ ಓಡದಿದ್ದರೆ ಫೈನಲೈಸ್ ಆಗಿದೆಯೋ ನೋಡಿ. ‘ಮುಂದೆ ಇನ್ನೂ ಸೇರಿಸಬಹುದು’ ಎಂಬ ಚೌಕಕ್ಕೆ ಗುರುತು ಬಿದ್ದಿದ್ದರೆ ಡಿಸ್ಕ್ ಬಾಯಿ ತೆರೆದುಕೊಂಡೇ ಇರುತ್ತದೆ. ಕಂಪ್ಯೂಟರ್ ಓದಿಕೊಳ್ಳುತ್ತದೆ, ಹಳೇ ಪ್ಲೇಯರ್ ಓದುವುದಿಲ್ಲ.

ಧಾರವಾಡ:

ಅಂಕಿತಗೊಳಿಸು ಎಂದು ಆಗಲೇ ಹೇಳಿದ್ದೇನೆ.

ಶಿರಸಿ, ಸ್ಟುಡಿಯೋ:

ಧಾರವಾಡದವರೇ, ಅಂಕಿತಗೊಳಿಸು ಅಂದರೆ ಹುಡುಗ ಡಿಸ್ಕಿನ ಮೇಲೆ ಪೆನ್ನಿನಲ್ಲಿ ಅಂಗಡಿ ಹೆಸರು ಬರೆದು ಕೊಡುತ್ತಾನೆ. ‘ಮುಚ್ಚು’ ಅಂದರೆ ಡಬ್ಬಿ ಮುಚ್ಚುತ್ತಾನೆ. ನಾವು ಬಾಯಿಮಾತಿನಲ್ಲಿ ‘ಡಿಸ್ಕ್ ಬಂದ್ ಮಾಡಿದೆಯಾ’ ಅಂತ ಕೇಳುವುದು. ಅದನ್ನೇ ಹಾಕಲಾ?

ಧಾರವಾಡ:

ಬಂದ್ ಕನ್ನಡವಲ್ಲ. ಪಾರಸಿ. ಬರೆ ಎಂದು ಒಳ್ಳೆಯ ಪದ ಹಾಕಿ ಅದರ ಪಕ್ಕದಲ್ಲೇ ಬಂದ್ ಹಾಕುತ್ತೀರಿ. ಮಾಸ್ತರು ಹೇಳಿದ ನರಿಯ ಗಾದೆ ಇದಕ್ಕೇ ಸರಿ. ಕಂಡವರ ಪಟ್ಟೆಯನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು.

ಕಾರವಾರ, ಮಾಸ್ತರು:

ಗಾದೆ ನನ್ನದು, ಹೀಗೆ ಬಳಸಬೇಡಿ.

ನಮ್ಮ ಜಿಲ್ಲೆಯ ಮಾತು ನಿಮಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಇಲ್ಲಿ ಬೀಗಕ್ಕೆ ಚಾವಿ. ಪಲ್ಯಕ್ಕೆ ಬಟಾಟೆ. ತಿಂಗಳಿಗೆ ಪಗಾರ. ಅಂಗಿಗೆ ಇಸ್ತ್ರಿ. ನಾಲ್ಕೂ ಪೋರ್ಚುಗೀಸಿನಿಂದ ಬಂದವು. ಗೋವೆ ಪಕ್ಕದಲ್ಲೇ ಇದೆ, ಸಮುದ್ರದ ದಾರಿಯಲ್ಲಿ ಬಂದವು, ಉಳಿದವು. 1862ರಲ್ಲಿ ನಮ್ಮನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮರಾಠಿಯ ಕಚೇರಿ ಮಾತುಗಳೂ ಸೇರಿಕೊಂಡವು. ನನ್ನನ್ನು ‘ಮಾಸ್ತರ’ ಅನ್ನುತ್ತೀರಲ್ಲ, ಅದು ಯಾವ ಕನ್ನಡ? ಇಷ್ಟೆಲ್ಲ ಆಗಿಯೂ ನಾವು ಆಡುವುದು ಕನ್ನಡವೇ. ಚಾವಿಯನ್ನು, ಚಾವಿಗೆ, ಚಾವಿಯಿಂದ. ಪ್ರತ್ಯಯ ನಮ್ಮದು.

ಧಾರವಾಡ:

ಬೀಗದಕೈ ಇದೆ. ಸಂಬಳ ಇದೆ. ಇರುವುದನ್ನು ಬಿಟ್ಟು ತಂದದ್ದಕ್ಕೆ ಹೆಮ್ಮೆ ಬೇರೆ.

ಕಾರವಾರ, ಮಾಸ್ತರು:

ಸಂಬಳ ಸಂಸ್ಕೃತದ ಶಂಬಲ. ದಾರಿಬುತ್ತಿ ಅಂತ ಅರ್ಥ. ಬುತ್ತಿಗೆ ಇರುವ ಮರ್ಯಾದೆ ಪಗಾರಕ್ಕೆ ಯಾಕಿಲ್ಲ?

ಹೊನ್ನಾವರ, ಅಕ್ಕೋರು:

ನೀವಿಬ್ಬರೂ ಬೇರೆ ಎಳೆ ತೆಗೆದುಕೊಳ್ಳಿ. ಹುಡುಗರಿಗೆ ‘ಬಂದ್’ ತಿಳಿಯುತ್ತದೆ, ಹಾಳೆ ಹುಡುಗರಿಗೆ. ಮುಗಿಯಿತು.

ರೆಂಡರ್ ಬದಲಿಸಬೇಡಿ, ರೆಂಡರ್ ಅಂತಲೇ ಇರಲಿ. ‘ರೂಪಿಸು’ ಅಂದರೆ ಯಾವುದನ್ನಾದರೂ ರೂಪಿಸಬಹುದು. ಆ ಪದ ಕೇಳಿದರೆ ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕಾಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಬಫರ್ ಅಂಡರ್‌ರನ್‌ಗೆ ‘ಬಫರ್ ಬರಿದಾಯಿತು’ ಅಂತ ಹಾಕಿ. ಆಗುವುದೂ ಅದೇ. ಲೇಸರ್ ಬರೆಯುವ ವೇಗಕ್ಕೆ ಸರಿಯಾಗಿ ಮಾಹಿತಿ ಬಂದು ಮುಟ್ಟುವುದಿಲ್ಲ. ಈಗಿನ ಡ್ರೈವ್ ಹಾಗಾದಾಗ ತಡೆದು ಮುಂದುವರಿಸುತ್ತದೆ, ಹಳೆಯದಾದರೆ ಡಿಸ್ಕೇ ಹಾಳು. ಕಾರಣ ಹೆಚ್ಚಾಗಿ ಪೆನ್‌ಡ್ರೈವಿನಿಂದ ನೇರ ಬರೆಯುವುದು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ವಿಡಿಯೊ ರೆಂಡರ್‌ಗೆ ಹಾಕಿಟ್ಟಿರುವುದು. ಕಡತವನ್ನು ಮೊದಲು ಹಾರ್ಡ್‌ಡಿಸ್ಕಿಗೆ ತಂದುಕೊಳ್ಳಬೇಕು, ವೇಗ ಇಳಿಸಬೇಕು. 16 ಪಟ್ಟು ವೇಗ ಅಂತ ಡಿಸ್ಕಿನ ಮೇಲೆ ಬರೆದಿದ್ದರೆ 16ರಲ್ಲೇ ಬರೆಯಬೇಕು ಅಂತ ಕಾನೂನಿಲ್ಲ, 8 ಸಾಕು. ಒಂದು ಪಟ್ಟಿನಲ್ಲಿ ಪೂರ್ತಿ ಡಿಸ್ಕ್ ಬರೆಯಲು ಹತ್ತಿರ ಹತ್ತಿರ ಒಂದು ಗಂಟೆ. ಎಂಟರಲ್ಲಿ ಹತ್ತು ನಿಮಿಷದೊಳಗೇ ಆಗಿಬಿಡುತ್ತದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಅಷ್ಟಕ್ಕೂ ಕೈಹಾಕಬೇಡಿ.

ಬೆಂಗಳೂರು:

ಇನ್ನೆರಡು ಸೇರಿಸಿ. ಡಬ್ಬಿಯ ಮೇಲೆ 4.7 ಜಿಬಿ ಅಂತಿರುತ್ತದೆ, ವಿಂಡೋಸ್ 4.37 ತೋರಿಸುತ್ತದೆ. ಡಿಸ್ಕಿನವರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರದ್ದು. ವಿಂಡೋಸಿನಲ್ಲಿ 4.5 ಅಂತ ಕಾಣುವ ಕಡತ ಹಿಡಿಸುವುದಿಲ್ಲ, ಡಿಸ್ಕ್ ಕೆಟ್ಟಿದೆ ಅಂತ ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ.

ಎರಡನೆಯದು, ಮಿನಿ ಡಿವಿ ಟೇಪು (ವಿಡಿಯೊ ಕ್ಯಾಮರಾದ ಸಣ್ಣ ಟೇಪು) ಕಂಪ್ಯೂಟರಿಗೆ ಇಳಿಸುವಾಗ 20 ನಿಮಿಷದ ಹತ್ತಿರ ನಿಂತೇಹೋದರೆ ಟೇಪಿನ ತಪ್ಪಲ್ಲ. ಡಿವಿ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಫ್ಯಾಟ್32 ಎಂಬ ಫಾರ್ಮ್ಯಾಟಿನಲ್ಲಿದ್ದರೆ ಒಂದು ಕಡತ 4 ಜಿಬಿ ದಾಟುವುದಿಲ್ಲ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ, ಆದರೆ ಅದಕ್ಕೆ ಮೊದಲು ಅದರಲ್ಲಿರುವುದನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳಿ.

ಶಿರಸಿ, ಸ್ಟುಡಿಯೋ:

ಅಯ್ಯೋ, ಆ 20 ನಿಮಿಷದ ಕಾಟ ನಮ್ಮಲ್ಲೂ ಇದೆ. ಟೇಪಿಗೆ ಬೂಷ್ಟು ಹಿಡಿದಿದೆ ಅಂತ ಗಿರಾಕಿಗೇ ಹೇಳಿ ಕಳಿಸುತ್ತಿದ್ದರು ಹುಡುಗರು. ಬೂಷ್ಟೂ ಹಿಡಿಯುತ್ತದೆ ಅನ್ನಿ, ನಮ್ಮ ಮಳೆಗೆ. ಆದರೆ ಎಲ್ಲ ಟೇಪಿಗೂ ಒಂದೇ ನಿಮಿಷಕ್ಕೆ ಹಿಡಿಯುವುದಿಲ್ಲವಲ್ಲ.

ಇನ್ನೊಂದು ಕೇಳುವುದಿತ್ತು. ರಾತ್ರಿಯಿಡೀ ನಡೆದ ಯಕ್ಷಗಾನದ ಆಟವನ್ನು ಒಂದೇ ಡಿಸ್ಕಿಗೆ ಹಾಕಿ ಅನ್ನುತ್ತಾರೆ. ಹಾಕಿದರೆ ಮಾತುಗಾರಿಕೆಯ ಭಾಗ ಹೇಗೋ ನೋಡಬಹುದು. ಧೀಂಗಿಣ (ಸುತ್ತು ಹಾರಿ ಕುಣಿಯುವುದು) ಶುರುವಾದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದಕ್ಕೇನು ಪದ?

ಹೊನ್ನಾವರ, ಅಕ್ಕೋರು:

ಅದಕ್ಕೆ ಪದ ಬೇಡ, ಇನ್ನಷ್ಟು ಡಿಸ್ಕ್ ಬೇಕು. ಒಂದು ಡಿಸ್ಕಿಗೆ ಎರಡು ಗಂಟೆ ಅಂತ ಇಟ್ಟುಕೊಳ್ಳಿ. ಎಂಟು ಗಂಟೆಯ ಆಟಕ್ಕೆ ನಾಲ್ಕು. ಒಂದಕ್ಕೇ ತುರುಕಿದರೆ ಪ್ರತಿ ಸೆಕೆಂಡಿಗೆ ಸಿಗುವ ಮಾಹಿತಿ ಕಮ್ಮಿಯಾಗುತ್ತದೆ, ಜೋರು ಓಡಾಟ ಇರುವ ಕಡೆ ಮೊದಲು ಒಡೆಯುತ್ತದೆ. ಕೂತು ಮಾತಾಡುವವರಿಗೆ ತೊಂದರೆ ಇಲ್ಲ, ಕುಣಿಯುವವರಿಗೆ ತೊಂದರೆ.

ಶಿರಸಿ, ಸ್ಟುಡಿಯೋ:

ಎಲ್ಲರಿಗೂ ಧನ್ಯವಾದ. ಹಾಳೆ ಹೀಗೆ ಹೋಗುತ್ತದೆ:

ಓಡಲಿಲ್ಲವೇ? ತುಂಬಿದ್ದೋ ಕಟ್ಟಿದ್ದೋ ನೋಡು. ಕಟ್ಟಿದ್ದಾದರೆ ಬಂದ್ ಆಗಿದೆಯೇ ನೋಡು. ಬಫರ್ ಬರಿದಾಯಿತು ಅಂದರೆ ಉಳಿದ ಕೆಲಸ ನಿಲ್ಲಿಸು, 8 ಪಟ್ಟಿಗೆ ಇಳಿಸು, ಹೊಸ ಡಿಸ್ಕಿಗೆ ಬರೆ. ಇಳಿಸುವಾಗ 20 ನಿಮಿಷಕ್ಕೆ ನಿಂತರೆ ಹಾರ್ಡ್‌ಡಿಸ್ಕ್ ನೋಡು, ಟೇಪಿಗೆ ಬೈಯಬೇಡ. 4.37 ದಾಟಿದರೆ ಎರಡು ಡಿಸ್ಕ್. ಇಂಗ್ಲಿಷಿನಲ್ಲಿ ಏನಾದರೂ ಬಂದರೆ ‘ಓಕೆ’ ಒತ್ತುವ ಮೊದಲು ನನ್ನನ್ನು ಕರೆ.

ಧಾರವಾಡ:

ಫಲಕದಲ್ಲಿ ‘ಟೇಪು’ ಉಳಿದುಕೊಂಡಿದೆ. ‘ಸುರುಳಿ’ ಎಂದು ತಿದ್ದಿ.

ಶಿರಸಿ, ಸ್ಟುಡಿಯೋ:

ಸಾಲು ಫ್ಲೆಕ್ಸ್‌ನವರ ಕೈಗೆ ಹೋಯಿತು. ತಿದ್ದಿದರೆ ಇನ್ನೊಂದು ಸಲ ದುಡ್ಡು ಕೇಳುತ್ತಾರೆ.

ಕಾರವಾರ, ಮಾಸ್ತರು:

ಸುರುಳಿ ಬೇಡವೇ ಬೇಡ. ಸುರುಳಿ ಇರುವುದು ಡಿಸ್ಕಿನಲ್ಲಿ ಅಂತ ಮೇಲೆಯೇ ಬರೆದಿದ್ದೇನೆ. ಟೇಪಿನದು ಪಟ್ಟಿ. ಅದರ ಧಾತುವಿನ ಬಗ್ಗೆ ನಾಳೆ ವಿವರವಾಗಿ ಬರೆಯುತ್ತೇನೆ.

ಹೊನ್ನಾವರ, ಅಕ್ಕೋರು:

ಬೇರೆ ಎಳೆಯಲ್ಲಿ, ಮಾಸ್ತರೇ.