ಸಮಸ್ಯೆ: ಬಡಗಣಕೆ ನಡುಹಗಲ ನೇಸರು ಬಂದು ನಿಂತಿಹನು

ಶಂಕುಧರ: ಈ ಸಾಲೇ ಕೊನೆಯಾಗುವಂತೆ ಭಾಮಿನಿ ಷಟ್ಪದಿ ಕಟ್ಟಿ. ಊರು ಬೆಂಗಳೂರೇ ಇರಲಿ. ಅಕ್ಷಾಂಶ 12.97, ರೇಖಾಂಶ 77.59. ಕನಸು, ಶಾಪ ಎಂದು ಜಾರಿಕೊಳ್ಳಬೇಡಿ, ಲೆಕ್ಕ ನಿಲ್ಲಬೇಕು.

ಪಲಭಾ:
ಪಡೆದು ಕ್ರಾಂತಿಯ ತುದಿಯ ಜೂನಿನೊ
ಳಡರಿ ಹದಿಮೂರಂಶ ದಾಟಲು
ಕಡೆದ ಗೂಟಕೆ ಬೆಂಗಳೂರಲಿ ತೆಂಕು ನೆಳಲಾಯ್ತು
ಬಿಡದೆ ಲೆಕ್ಕಿಸೆ ನೂರರುದ್ದಕೆ
ನಡೆವುದದು ಹದಿನೆಂಟ ಮೀರುತ
ಬಡಗಣಕೆ ನಡುಹಗಲ ನೇಸರು ಬಂದು ನಿಂತಿಹನು

ಗಣಪಾಠಿ: ಮೊದಲ ಗಣವೇ ಮುಗ್ಗರಿಸಿತಲ್ಲ. ‘ಕ್ರಾ’ ಮುಂದಿರುವಾಗ ‘ದು’ ಗುರು, ಎರಡು ಮಾತ್ರೆ. ಮೂರು ಮಾತ್ರೆಯ ಜಾಗದಲ್ಲಿ ನಾಲ್ಕು ಕೂತಿದೆ.

ಪಲಭಾ: ಪದದ ಮೊದಲ ರೇಫದೊತ್ತು, ತೇಲಿಸಿ ಓದಿ. ಶಿಥಿಲ, ಹಿಂದಿನಕ್ಷರ ಗುರುವಾಗದು.

ಗಣಪಾಠಿ: ಹೋದ ಸಲ ನನ್ನ ‘ಪ್ರ’ಕ್ಕೆ ಈ ಔದಾರ್ಯ ಇರಲಿಲ್ಲ ರಾಯರೇ. ‘ಪಡೆದು ಬಡಗಿನ ತುದಿಯ’ ಎಂದಿದ್ದರೆ ಆಗುತ್ತಿತ್ತು.

ಪಲಭಾ: ಬಡಗನ್ನು ಮೊದಲ ಸಾಲಲ್ಲೇ ಬಿಚ್ಚಿಟ್ಟರೆ ಸಮಸ್ಯೆಗೆ ಉಳಿಯುವುದೇನು? ಕ್ರಾಂತಿ, ಎಂದರೆ ಸೂರ್ಯ ಸಮಭಾಜಕದಿಂದ ಬಡಗಿಗೆ ಸರಿದ ಕೋನ, 23.44; ಅದರಲ್ಲಿ 12.97 ಕಳೆದರೆ 10.47, ಅದರ ಟ್ಯಾನ್ 0.185. ನನ್ನ ಹದಿನೆಂಟು ಬಂದದ್ದು ಅಲ್ಲಿಂದ. ಆ ಪದ ಬಿಡುವುದಿಲ್ಲ.

ದಿಗ್ಬಿಂದು:
ಒಡನೆ ಗಡಿಯಾರವನು ನಂಬದೆ
ನಡುಹಗಲ ನಿಮಿಷಗಳ ತಿದ್ದಿರಿ
ಪಡುವಲೈದಂಶಕ್ಕೆ ತಡವಿದೆ ನಿಮಿಷವಿಪ್ಪತ್ತು
ಗಡುವಿಗೆರಡನು ಕೂಡಿ ಜೂನಲಿ
ಕಡೆಗೆ ನೋಡಿರಿ ನೆತ್ತಿಯಾಚೆಗೆ
ಬಡಗಣಕೆ ನಡುಹಗಲ ನೇಸರು ಬಂದು ನಿಂತಿಹನು

ಶಂಕುಧರ: ಸೊಗಸು.

ಗಣಪಾಠಿ: ಛಂದಸ್ಸು ಶುದ್ಧ. ಆದರೆ ಇಪ್ಪತ್ತು ನಿಮಿಷಕ್ಕೆ ಒಂದು ಪದ್ಯವೇ? ಹನ್ನೆರಡಕ್ಕೆ ನೋಡಿದರೂ ಬಡಗಲೇ ಇರುತ್ತಾನೆ.

ದಿಗ್ಬಿಂದು: ಅಲ್ಲೇ ಲೆಕ್ಕ ಕೆಡುವುದು. ನಮ್ಮ ದೇಶದ ಗಡಿಯಾರ 82.5 ರೇಖಾಂಶದ್ದು, ಅದರಿಂದಲೇ ಆ ಇಪ್ಪತ್ತು ನಿಮಿಷ; ಉಳಿದೆರಡು ಜೂನಿನ ಸೂರ್ಯ ಗಡಿಯಾರಕ್ಕಿಂತ ಹಿಂದುಳಿಯುವುದಕ್ಕೆ. ಜೂನ್ 21ರಂದು ಬೆಂಗಳೂರಿನ ನಡುಹಗಲು ಸುಮಾರು 12:21ಕ್ಕೆ. 12:00ಕ್ಕೆ ಹೋರಾಕೋನ, ಎಂದರೆ ನಡುಹಗಲಿನಿಂದ ಸೂರ್ಯನ ದೂರ, ಇನ್ನೂ −5.35 ಅಂಶ. ಅಕ್ಷಾಂಶ, ಕ್ರಾಂತಿಗಳ ಸೈನ್ ಗುಣಿಸಿ, ಅವೆರಡರ ಕೊಸೈನ್‌ಗಳನ್ನು ಹೋರಾಕೋನದ ಕೊಸೈನ್‌ನೊಡನೆ ಗುಣಿಸಿ, ಎರಡನ್ನೂ ಕೂಡಿ. 0.979 ಬರುತ್ತದೆ, ಅದು ಉನ್ನತಾಂಶದ, ಎಂದರೆ ದಿಗಂತದಿಂದ ಸೂರ್ಯನ ಎತ್ತರದ, ಸೈನ್. ಉನ್ನತಾಂಶ 78.4. ದಿಗಂಶ, ಎಂದರೆ ದಿಕ್ಕಿನ ಕೋನ, ಮಾತ್ರ ಬಡಗಿನಿಂದ ಮೂಡಣಕ್ಕೆ 25 ಅಂಶ! ಸೂರ್ಯ ನೆತ್ತಿಯ ಹತ್ತಿರವಿದ್ದಾಗ ದಿಗಂಶ ಓಡುತ್ತದೆ, ನಿಮಿಷ ತಪ್ಪಿದರೆ ದಿಕ್ಕೇ ತಪ್ಪಿತು.

ಶಂಕುಧರ: ದಿಗಂಶವನ್ನು ಸೈನ್‌ನಿಂದ ಬಿಡಿಸುವವರು ಗಮನಿಸಿ. 25, 155 ಎರಡಕ್ಕೂ ಸೈನ್ ಒಂದೇ, ಕ್ಯಾಲ್ಕುಲೇಟರ್ ಚಿಕ್ಕದನ್ನಷ್ಟೇ ತೋರಿಸುತ್ತದೆ. ಕ್ರಾಂತಿಯ ಸೈನ್‌ನಿಂದ ಉನ್ನತಾಂಶ, ಅಕ್ಷಾಂಶಗಳ ಸೈನ್ ಗುಣಲಬ್ಧ ಕಳೆಯಿರಿ. ಧನವಾದರೆ ಬಡಗು, ಋಣವಾದರೆ ತೆಂಕು. ಇಲ್ಲಿ 0.178, ಧನ.

ಪಲಭಾ: ಹಾಗಾದರೆ ಸಮಸ್ಯೆಯ ಸಾಲು ಬೆಂಗಳೂರಿಗೆ ಏಪ್ರಿಲ್ 24ರ ಆಸುಪಾಸಿನಿಂದ ಆಗಸ್ಟ್ 18ರ ತನಕ ಮಾತ್ರ ನಿಜ. ಬೀದರಿನವರು ಬರೆದರೆ ಮೇ ನಡುವಿನಿಂದ ಜುಲೈ ಕೊನೆಯೊಳಗೇ ಮುಗಿಸಬೇಕು.

ಗಣಪಾಠಿ: ತಾರೀಖು ಒಪ್ಪಿದೆ. ‘ದು’ ಗುರುವೇ.