ಹಾಡು ಯಾರದು, ಹೆಸರು ಯಾರದು

ನಮ್ಮ 'ದೊಡ್ಡಮನೆ ಬಳಗ' ಗುಂಪಿನಲ್ಲಿ 31 ಜನ ಇದ್ದೇವೆ. ಮಾತಾಡುವವರು ಆರೇಳು ಮಂದಿ. ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ. ಹೋದ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಇದು ಬಂತು.

ಸುರತ್ಕಲ್ ಚಿಕ್ಕಪ್ಪ (ಫಾರ್ವರ್ಡ್): ಕೆಮ್ಮನ್ನು ಕಡೆಗಣಿಸಬೇಡಿ!! ಅಮೆರಿಕದ ಕಂಟ್ರಿ ಮ್ಯೂಸಿಕ್ ಪಿತಾಮಹ ಜಿಮ್ಮಿ ರಾಜರ್ಸ್ ಒಬ್ಬ ಬಡ ರೈಲ್ವೆ ಕೂಲಿ. ಯಾರ ನೆರವೂ ಇಲ್ಲದೆ ತನ್ನ ಹಾಡುಗಳನ್ನೆಲ್ಲ ತಾನೇ ಬರೆದ. ಒಂದೇ ರಾತ್ರಿಯಲ್ಲಿ ಕೋಟ್ಯಧೀಶನಾದ. ಕೆಮ್ಮಿಗೆ ಔಷಧಿ ತೆಗೆದುಕೊಳ್ಳದೆ 35ನೇ ವಯಸ್ಸಿಗೆ ಮೈಕ್ ಮುಂದೆ ಹಾಡುತ್ತಲೇ ಪ್ರಾಣ ಬಿಟ್ಟ. ಇಂದಿಗೂ ಆಫ್ರಿಕಾದ ಜನ ಅವನ ಮೂರ್ತಿ ಇಟ್ಟು ಪೂಜಿಸುತ್ತಾರೆ. ಹತ್ತು ಜನರಿಗೆ ಕಳಿಸಿ.

ಸುರತ್ಕಲ್ ಚಿಕ್ಕಪ್ಪ: ಅಣ್ಣಾ, ಇದು ನಿನಗೇ. ಮೂರು ವಾರದಿಂದ ಕೆಮ್ಮುತ್ತಿದ್ದೀಯಂತೆ.

ಹುಬ್ಬಳ್ಳಿ ದೊಡ್ಡಪ್ಪ: ನನ್ನದು ಧೂಳಿನ ಕೆಮ್ಮು. ಆ ಮನುಷ್ಯ ಊರೂರು ಸುತ್ತಿ ಆರೋಗ್ಯ ಹಾಳುಮಾಡಿಕೊಂಡಿದ್ದಾನೆ. ಕಲಾವಿದರಿಗೂ ಶಿಸ್ತು ಬೇಕು. ನಾನು 34 ವರ್ಷ ಗೂಡ್ಸ್ ಗಾರ್ಡ್ ಆಗಿದ್ದೆ, ಒಂದು ದಿನ ಡ್ಯೂಟಿ ತಪ್ಪಿಸಲಿಲ್ಲ.

ರಾಜಾಜಿನಗರ ಅಕ್ಕ: ಚಿಕ್ಕಪ್ಪ, ಇದಕ್ಕೆ ಮೂಲ ಏನು?

ಸುರತ್ಕಲ್ ಚಿಕ್ಕಪ್ಪ: ಬ್ಯಾಂಕಿನ ಹಳೇ ಗೆಳೆಯರ ಗುಂಪಲ್ಲಿ ಬಂತಮ್ಮ. ಅಲ್ಲಿ ಇಬ್ಬರು ಪ್ರೊಫೆಸರ್ ಇದ್ದಾರೆ.

ರಾಜಾಜಿನಗರ ಅಕ್ಕ: ಬೆಂಡೆಕಾಯಿ ನೀರಿಗೆ ಶುಗರ್ ಹೋಗುತ್ತೆ ಅಂದವರೂ ಅದೇ ಪ್ರೊಫೆಸರುಗಳಾ?

ಇಲ್ಲಿಗೇ ನಿಲ್ಲಬೇಕಿತ್ತು. ಆದರೆ ಅಮೆರಿಕದ ಆಸ್ಟಿನ್‌ನಲ್ಲಿ ಅದು ಶನಿವಾರ ರಾತ್ರಿ. ನಮ್ಮ ತಮ್ಮನಿಗೆ ನಿದ್ದೆ ಬಂದಿರಲಿಲ್ಲ.

ಆಸ್ಟಿನ್ ತಮ್ಮ: ಅರ್ಧ ನಿಜ ಚಿಕ್ಕಪ್ಪ. ಅವನಿಗೆ ಕ್ಷಯ ಅಂತ 1924ರಲ್ಲೇ ಗೊತ್ತಾಗಿತ್ತು. ಒಣ ಹವೆ ಒಳ್ಳೇದು ಅಂತ 1929ರಲ್ಲಿ ಟೆಕ್ಸಸ್‌ನ ಕೆರ್‌ವಿಲ್‌ನಲ್ಲಿ ಮನೆ ಕಟ್ಟಿಸಿದ. ನಮ್ಮನೆಯಿಂದ ಎರಡು ಗಂಟೆ ದಾರಿ. ಔಷಧಿ ತೆಗೆದುಕೊಳ್ಳಲಿಲ್ಲ ಅನ್ನೋದು ಸುಳ್ಳು, ಔಷಧಿಯೇ ಇರಲಿಲ್ಲ. ಕ್ಷಯ ವಾಸಿಮಾಡೋ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅವನು ಹೋದದ್ದು 1933ರಲ್ಲಿ. ಕೊನೆಯ ರೆಕಾರ್ಡಿಂಗ್ ನ್ಯೂಯಾರ್ಕ್‌ನಲ್ಲಿ. ಸ್ಟುಡಿಯೋದಲ್ಲೇ ಒಂದು ಮಂಚ ಹಾಕಿಸಿದ್ದರು. ಒಂದು ಹಾಡು, ಸ್ವಲ್ಪ ಮಲಗೋದು, ಮತ್ತೊಂದು ಹಾಡು. ಮೇ 24ಕ್ಕೆ ಹಾಡಿ ಮುಗಿಸಿದ. 26ಕ್ಕೆ ಹೋಟೆಲ್ ರೂಮಿನಲ್ಲಿ ತೀರಿಕೊಂಡ.

ಸುರತ್ಕಲ್ ಚಿಕ್ಕಪ್ಪ: ಎರಡು ದಿನ ಆಚೀಚೆ. ಸಂದೇಶ ಮುಖ್ಯ.

ಹುಬ್ಬಳ್ಳಿ ದೊಡ್ಡಪ್ಪ: ಕೂಲಿ ಅಂತ ಬರೆದವನು ಯಾರು? ಫೋಟೋ ತೆಗೆದು ನೋಡಿದೆ. ಬ್ರೇಕ್‌ಮನ್ ಟೋಪಿ ಇದೆ. ಬ್ರೇಕ್‌ಮನ್ ಅಂದರೆ ರನ್ನಿಂಗ್ ಸ್ಟಾಫ್. ಡಬ್ಬಿ ಜೋಡಿಸೋದು, ಬಿಡಿಸೋದು, ಹಿಂದೆ ಬರೋ ಗಾಡಿಗೆ ಬಾವುಟ ತೋರಿಸೋದು. ಏರ್ ಬ್ರೇಕ್ ಬರುವ ಮುಂಚೆ ಓಡುವ ಡಬ್ಬಿಯ ನೆತ್ತಿ ಮೇಲೆ ನಡೆದು ಚಕ್ರ ತಿರುಗಿಸಬೇಕಿತ್ತು. ಈಗ ಗಾರ್ಡ್ ಅನ್ನಬಾರದಂತೆ, ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ. ಇರಲಿ.

ಹಾಡುವವನ ಮೇಲೆ ದೊಡ್ಡಪ್ಪನಿಗೆ ಒಮ್ಮೆಲೇ ಗೌರವ ಬಂದಿತ್ತು. ಶಿಸ್ತಿನ ಮಾತು ಮತ್ತೆ ಬರಲಿಲ್ಲ.

ತುಮಕೂರು ಅಣ್ಣ: ಅವನು ಯೋಡಲ್ ಹಾಡುತ್ತಿದ್ದನಂತೆ. ಯೋಡಲ್ ಅಂದರೆ ಕಿಶೋರ್ ಕುಮಾರ್ ದನಿಯನ್ನು ಥಟ್ಟನೆ ಮೇಲೆ ಕೆಳಗೆ ಹಾರಿಸುತ್ತಿದ್ದರಲ್ಲ, ಅದೇನಾ? ಅಜ್ಜನ ಗ್ರಾಮಫೋನ್ ನೆನಪಾಯಿತು. ನಾಯಿ ಚಿತ್ರದ ಪ್ಲೇಟು. ಅಜ್ಜ ಮೊದಲು ಕೈ ತೊಳೆದು, ಪಂಚೆ ತುದಿಯಲ್ಲಿ ಒರೆಸಿಕೊಂಡು, ಆಮೇಲೆ ಮುಳ್ಳು ಬದಲಾಯಿಸುತ್ತಿದ್ದರು. ಕೀ ಕೊಡೋ ಕೆಲಸ ನನ್ನದು.

ಆಸ್ಟಿನ್ ತಮ್ಮ: ಅದೇ ನಾಯಿ ಅಣ್ಣ! ಜಿಮ್ಮಿ ಹಾಡಿದ್ದು ವಿಕ್ಟರ್ ಕಂಪನಿಗೆ. ಅಲ್ಲೂ ಅದೇ ನಾಯಿ ಚಿತ್ರ.

ತುಮಕೂರು ಅಣ್ಣ: ಅಂದಹಾಗೆ ಆ ಗ್ರಾಮಫೋನ್ ಈಗ ಯಾರ ಮನೆಯಲ್ಲಿದೆ?

ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೈಸೂರು ಅತ್ತೆ ಮಾತ್ರ 'ಟೈಪಿಂಗ್' ಅಂತ ತೋರಿಸಿ, ನಿಲ್ಲಿಸಿ, ಮತ್ತೆ ತೋರಿಸಿ, ನಿಲ್ಲಿಸಿದರು.

ತುಮಕೂರು ಅಣ್ಣ: ಸುಮ್ನೆ ಕೇಳಿದೆ.

ಆಸ್ಟಿನ್ ತಮ್ಮ: ಒಂದೇ ರಾತ್ರಿಯಲ್ಲಿ ಕೋಟ್ಯಧೀಶ ಆದದ್ದೂ ಅಲ್ಲ. 1927ರ ಆಗಸ್ಟ್ 4, ಬ್ರಿಸ್ಟಲ್ ಅಂತ ಊರು. ಮುಖ್ಯ ರಸ್ತೆಯ ನಡುವೆಯೇ ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ. ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಅಲ್ಲೊಂದು ಟೋಪಿ ಕಂಪನಿಯ ಕಟ್ಟಡದಲ್ಲಿ ಮೆಷಿನ್ ಇಟ್ಟು ಊರ ಹಾಡುಗಾರರನ್ನು ಕರೆದಿದ್ದ. ಜಿಮ್ಮಿ ತಂಡ ಕಟ್ಟಿಕೊಂಡು ಬಂದಿದ್ದ. ಹಿಂದಿನ ದಿನ ಪ್ಲೇಟಿನ ಮೇಲೆ ಯಾರ ಹೆಸರು ಹಾಕಬೇಕು ಅಂತ ಜಗಳ ಆಗಿ ತಂಡದವರು ಬಿಟ್ಟು ಹೋದರು. ಒಬ್ಬನೇ ಗಿಟಾರ್ ಹಿಡಿದು ಎರಡು ಹಾಡು ಹಾಡಿದ. ಸಿಕ್ಕಿದ್ದು 100 ಡಾಲರ್. ನಿಜವಾದ ಹೆಸರು ಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್‌ನಲ್ಲಿ ಹಾಡಿದ 'ಬ್ಲೂ ಯೋಡಲ್'ನಿಂದ.

ರಾಜಾಜಿನಗರ ಅಕ್ಕ: ಎಲ್ಲ ತಾನೇ ಬರೆದ ಅನ್ನೋದೂ ತಪ್ಪು. ಈಗಷ್ಟೇ ಓದಿದೆ. ಹಳೇ ಹಾಡುಗಳು ಪಿಯರ್‌ಗೆ ಬೇಡವಾಗಿದ್ದವು. ಅವನಿಗೆ ದುಡ್ಡು ಬರುತ್ತಿದ್ದದ್ದು ಹಾಡಿನ ಹಕ್ಕಿನಿಂದ. ಹೊಸ ಹಾಡಾದರೆ ಮಾತ್ರ ಹಕ್ಕು. ಹಾಗಾಗಿ ಜಿಮ್ಮಿಗೆ ಹೊಸ ಹಾಡು ಬೇಕು, ಬೇಗ ಬೇಕು. ಅವನಿಗೋ ಸಂಗೀತದ ಬರಹ ಓದಲು ಬರದು. ಹೆಂಡತಿಯ ಅಕ್ಕ ಎಲ್ಸಿ ಮೆಕ್‌ವಿಲಿಯಮ್ಸ್ ಪಿಯಾನೋ ನುಡಿಸುತ್ತಿದ್ದಳು. ಮೂವತ್ತಕ್ಕೂ ಜಾಸ್ತಿ ಹಾಡುಗಳಲ್ಲಿ ಅವಳ ಕೈ ಇದೆ. ಎಷ್ಟೋ ಹಾಡುಗಳಿಗೆ ಅವಳ ಹೆಸರೇ ಇಲ್ಲ.

ಮೈಸೂರು ಅತ್ತೆ: ಬರೆದದ್ದು ಅತ್ತಿಗೆ. ಹಾಡಿದ್ದು ಇವರು. ಹೆಸರೂ ಇವರದ್ದೇ. ಎಲ್ಲೋ ಕೇಳಿದ ಹಾಗಿದೆ, ಅಲ್ವಾ?

ಅತ್ತೆ ಇಷ್ಟು ಹೊತ್ತು ಟೈಪ್ ಮಾಡಿ ಅಳಿಸುತ್ತಿದ್ದದ್ದು ಇದನ್ನೇ ಅಂತ ಕಾಣುತ್ತದೆ. ಗ್ರಾಮಫೋನ್ ವಿಷಯವೂ ತಣ್ಣಗಾಯಿತು. ಅದು ಇರುವುದು ಅವರ ಮನೆಯಲ್ಲೇ.

ಸುರತ್ಕಲ್ ಚಿಕ್ಕಪ್ಪ: ಯಾವ ವಿಷಯ?

ಮೈಸೂರು ಅತ್ತೆ: 1994. ರಾಜಾಜಿನಗರದವಳ ಮದುವೆ. ಗುಲಾಬಿ ಬಣ್ಣದ ಕಾಗದ.

ಸುರತ್ಕಲ್ ಚಿಕ್ಕಪ್ಪ: ಮೂವತ್ತು ವರ್ಷದ ಮಾತು ಈಗ ಯಾಕೆ? ಆ ಹಾಡಿಗೆ ಧಾಟಿ ಹಾಕಿದವನು ನಾನು. ಪ್ರಾಸ ಎಲ್ಲ ನಾನೇ ಸರಿಮಾಡಿದ್ದು. ಅಚ್ಚು ಹಾಕಿಸಿದ ದುಡ್ಡೂ ನನ್ನದೇ.

ಹುಬ್ಬಳ್ಳಿ ದೊಡ್ಡಪ್ಪ: ಮನೆ ವಿಷಯ ಗುಂಪಿನಲ್ಲಿ ಬೇಡ.

ಮೈಸೂರು ಅತ್ತೆ: ಅಣ್ಣ, ನಿನ್ನ ಹೆಂಡತಿ ಪರವಾಗಿಯೇ ಮಾತಾಡುತ್ತಿದ್ದೇನೆ.

ಹುಬ್ಬಳ್ಳಿ ದೊಡ್ಡಪ್ಪ: ಅದಕ್ಕೇ ಬೇಡ ಅಂದೆ.

ಗಲಾಟೆಯ ಮಧ್ಯೆ ಆಸ್ಟಿನ್ ತಮ್ಮ ಆಫ್ರಿಕಾದ ಪೂಜೆಯ ವಿಷಯಕ್ಕೂ ಉತ್ತರ ಬರೆದಿದ್ದ. ಯಾರೂ ಓದಲಿಲ್ಲ. ನನಗೆ ಅದೇ ಇಷ್ಟವಾಯಿತು. ಕೀನ್ಯಾದ ಕಿಪ್ಸಿಗಿಸ್ ಜನರ ಹಳ್ಳಿಗಳಿಗೂ ಜಿಮ್ಮಿಯ ಪ್ಲೇಟು ತಲುಪಿತ್ತು. ಅವರ ಬಾಯಲ್ಲಿ ಅವನ ಹೆಸರು 'ಚೆಮಿರೋಚ' ಆಯಿತು. 1950ರಲ್ಲಿ ಹ್ಯೂ ಟ್ರೇಸಿ ಎಂಬಾತ ಅಲ್ಲಿ ಹೋಗಿ ಹಾಡುಗಳನ್ನು ರೆಕಾರ್ಡ್ ಮಾಡಿದಾಗ ಹುಡುಗಿಯರು ಚೆಮಿರೋಚನ ಮೇಲೆ ಒಂದು ಹಾಡು ಹಾಡಿದರು. ಅದರಲ್ಲಿ ಅವನು ಅರ್ಧ ಮನುಷ್ಯ, ಅರ್ಧ ಜಿಂಕೆಯಂಥ ಪ್ರಾಣಿ. ಮೂರ್ತಿಯೂ ಇಲ್ಲ, ಪೂಜೆಯೂ ಇಲ್ಲ. ಕಣ್ಣಿಗೆ ಕಾಣದವನ ದನಿ ಪೆಟ್ಟಿಗೆಯಿಂದ ಬಂದರೆ ಮೈ ಹೇಗಿರಬಹುದು ಅಂತ ಅವರು ಊಹಿಸಿಕೊಂಡರೇನೋ. ಅಜ್ಜನ ಪೆಟ್ಟಿಗೆಯೊಳಗೆ ಗುಬ್ಬಿಯಷ್ಟು ದೊಡ್ಡ ಹೆಂಗಸೊಬ್ಬಳು ಕೂತಿದ್ದಾಳೆ ಅಂತ ನಾನೂ ನಂಬಿದ್ದೆ.

ಒಂಬತ್ತೂವರೆಗೆ ತುಮಕೂರು ಅಣ್ಣ ಒಂದು ಫೋಟೋ ಹಾಕಿದ. ಗುಲಾಬಿ ಕಾಗದ. ಮಡಿಕೆಯ ಗೆರೆಯಲ್ಲಿ ಹರಿದಿತ್ತು, ಮೂಲೆಯಲ್ಲಿ ಅರಿಶಿನದ ಹೆಬ್ಬೆರಳ ಗುರುತು. ಕೆಳಗೆ ದಪ್ಪ ಅಕ್ಷರದಲ್ಲಿ 'ರಚನೆ ಮತ್ತು ಗಾಯನ', ಮುಂದೆ ಚಿಕ್ಕಪ್ಪನ ಪೂರ್ತಿ ಹೆಸರು, ಬಿ.ಕಾಂ. ಸಮೇತ.

ತುಮಕೂರು ಅಣ್ಣ: ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಯಾರ ಪರವಾಗಿಯೂ ಅಲ್ಲ.

ಆಗ ಹುಬ್ಬಳ್ಳಿ ದೊಡ್ಡಮ್ಮ ಬಂದರು. ಗುಂಪಿನಲ್ಲಿ ಅವರು ಕಡೆಯ ಸಲ ಬರೆದದ್ದು ಯುಗಾದಿಗೆ.

ಹುಬ್ಬಳ್ಳಿ ದೊಡ್ಡಮ್ಮ: ಮೂರನೇ ಸಾಲು ದೊಡ್ಡದು ಮಾಡಿ ನೋಡಿ.

ಎಲ್ಲರೂ ದೊಡ್ಡದು ಮಾಡಿ ನೋಡಿದೆವು. 'ಕೊರಳಿಗೆ ಹಾವಿನ ಹಾರವ ಹಾಕಿ' ಅಂತ ಅಚ್ಚಾಗಿತ್ತು.

ರಾಜಾಜಿನಗರ ಅಕ್ಕ: ನನ್ನ ಮದುವೆಯಲ್ಲಿ ನನ್ನ ಕೊರಳಿಗೆ ಹಾವು?

ಸುರತ್ಕಲ್ ಚಿಕ್ಕಪ್ಪ: ಅತ್ತಿಗೆ, ನೀವು ಬರೆದ ಹಾಡು ಅಂತ ನಾನು ಯಾವತ್ತೂ ಇಲ್ಲ ಅಂದಿಲ್ಲ.

ಹುಬ್ಬಳ್ಳಿ ದೊಡ್ಡಮ್ಮ: ಇಲ್ಲಪ್ಪ, ಹೆಸರು ನಿನ್ನದೇ ಇದೆ. ನಿನ್ನದೇ ಇರಲಿ.