ಟಿಟಿ ಕ್ಯಾಂಪರ್ ಗಾಡಿ ಹಿಂದಿನ ಬ್ಯಾಟರಿ ನಡುರಾತ್ರ್ಯಾಗ ಕೂತ್ಬಿಡ್ತದ, 150 ತಗದು 200 ಎಎಚ್ ಹಾಕ್ಸಲೇನು?

ಗೋಕುಲ್‌ರೋಡ್_ಟಿಟಿ (ಹುಬ್ಬಳ್ಳಿ):

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು 2018ರ ಬಿಎಸ್4 ಟೆಂಪೋ ಟ್ರಾವೆಲರ್, ಸೀಟ್ ಎಲ್ಲಾ ತಗದು ಒಳಗ ಎರಡು ಹಾಸಿಗಿ, ಒಂದ್ ಸಣ್ಣ ಅಡಗಿ ಕಟ್ಟಿ, 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು, ಎರಡು ಫ್ಯಾನು, ಲೈಟು ಅಂತ ಮಾಡ್ಸೇವಿ. ಇದಕ್ಕೆಲ್ಲಾ ಕರೆಂಟ್ ಕೊಡಾಕ ಹಾಸಿಗಿ ಕೆಳಗ ಮನಿ ಇನ್ವರ್ಟರಿಗೆ ಹಾಕ್ತಾರಲ್ಲ ಅಂಥಾದ ಎಸಿಡ್ ತುಂಬಿದ 150 ಎಎಚ್ (ಆಂಪ್-ತಾಸು, ಬ್ಯಾಟರಿ ಎಷ್ಟು ಕರೆಂಟ್ ಹಿಡೀತದ ಅನ್ನೂ ಅಳತಿ) ಟ್ಯೂಬುಲರ್ ಲೆಡ್ ಬ್ಯಾಟರಿ, ಜೋಡಿ 1000 ವ್ಯಾಟಿನ ಇನ್ವರ್ಟರ್ ಐತಿ, ಎಂಜಿನ್ ಬ್ಯಾಟರಿ ಬ್ಯಾರೆ. ಟಾಪ್ ಮ್ಯಾಲ 335 ವ್ಯಾಟಿನ ಪ್ಯಾನಲ್ ಒಂದು. ಮೊದ್ಲ ಮೊದ್ಲ ಛಲೋನ ಇತ್ತು, ಈಗ ದಾಂಡೇಲಿ ಕಡೆ ಹೋಗಿ ರಾತ್ರಿ ನಿಂದ್ರಿಸಿದ್ರ ಒಂದ್ ಗಂಟೆ ಸುಮಾರು ಇನ್ವರ್ಟರ್ ಕುಂಯ್ ಕುಂಯ್ ಅನ್ನಾಕ ಚಾಲೂ ಮಾಡ್ತದ, ಫ್ರಿಜ್ ಬಂದ್, ಮುಂಜಾನೆ ನೋಡಿದ್ರ ರೊಟ್ಟಿಗೆ ಅಂತ ಇಟ್ಟ ಮೊಸರು ಹುಳಿ ಹುಳಿ. ಅಂಗಡ್ಯಾಂವ "ಕಡಿಮಿ ಬಿದ್ದೈತ್ರಿ, 200 ಎಎಚ್ ಟ್ಯೂಬುಲರ್ ತಗೋರಿ, ಚಿಂತಿ ಇಲ್ಲ" ಅಂತಾನ. ನಮ್ಮ ಹುಡುಗ ಲಿಥಿಯಂ ಅಂತಾನ. ಯಾವುದು ತಗೊಳ್ಳೂದ್ರಿ? ಮುಂದಿನ ವರ್ಷ ಹಿಮಾಚಲದ ಥಂಡಿ ಕಣಿವಿ ಸ್ಪಿತಿಗೆ ಹೋಗೂ ವಿಚಾರನೂ ಐತಿ.

ರಾಣೆಬೆನ್ನೂರ್_ಬುಲೆಟ್:

ಲಿಥಿಯಂ ಹಾಕ್ರಿ ಸರ್ರ, ಮಲಗ್ರಿ. ಇದಕ್ಕೇನ್ ಚರ್ಚೆ.

ಬೆಟಗೇರಿ_ಕಾಕಾ (ಗದಗ):

ತಮ್ಮಾ, ಹೊಸಾದು ತಗೊಳ್ಳೂಕಿಂತ ಮೊದ್ಲ ಹಳೇದು ಯಾತರಿಂದ ಸತ್ತಿತು ಅನ್ನೂದು ನೋಡು. ಅದು ಗೊತ್ತಾಗದ 200 ಹಾಕಿದ್ರ ಅದನ್ನೂ ಹಂಗ ಸಾಯಿಸ್ತಿ, ರೊಕ್ಕ ಅಷ್ಟ ಜಾಸ್ತಿ ಹೋಗ್ತದ. ಇಷ್ಟು ಮಾಡು: ಒಂದಿನ ಪೂರಾ ಬಿಸಿಲಾಗ ಗಾಡಿ ನಿಂದ್ರಿಸು, ಏನೂ ಚಾಲೂ ಇಡಬ್ಯಾಡ, ಮರುದಿನ ನಸಿಕ್ಲೆ ಬಿಸಿಲು ಬೀಳೂ ಮೊದ್ಲ ಮಲ್ಟಿಮೀಟರ್ ಹಚ್ಚಿ ವೋಲ್ಟೇಜ್ ಬರಕೊ. ಆಮ್ಯಾಲ ಆರೂ ಸೆಲ್ಲಿನ ಮುಚ್ಚಳ ತಗದು ಹೈಡ್ರೋಮೀಟರ್ ಹಾಕಿ ಒಂದೊಂದರ ಗ್ರ್ಯಾವಿಟಿ, ಅಂದ್ರ ಎಸಿಡ್ ಎಷ್ಟು ಗಟ್ಟಿ ಐತಿ ಅನ್ನೂದು ನೋಡು, ಬ್ಯಾಟರಿ ಅಂಗಡ್ಯಾಗ ಸಿಗ್ತದ, ಭಾಳ ರೇಟ್ ಇಲ್ಲ. ಕೈಗೆ ಗ್ಲೌಸು, ಕಣ್ಣಿಗೆ ಚಸ್ಮಾ, ಹಳೇ ಅಂಗಿ ಹಾಕ್ಕೊ, ಎಸಿಡ್ ಹನಿ ಬಿದ್ದ ಅಂಗಿ ಮೊದಲ್ನೇ ಒಗ್ಯಾಣದಾಗ ತೂತು ಬೀಳ್ತದ. ಪ್ಯಾನಲ್ ಹಿಂದಿನ ಸ್ಟಿಕರ್ ಫೋಟೋ ಮತ್ತ ಪ್ಯಾನಲ್ಲಿಗೂ ಬ್ಯಾಟರಿಗೂ ನಡುವಿನ ಚಾರ್ಜ್ ಕಂಟ್ರೋಲರ್ ಡಬ್ಬಿ ಯಾವುದು ಅನ್ನೂದೂ ಹಾಕು.

ಗೋಕುಲ್‌ರೋಡ್_ಟಿಟಿ:

ಕಾಕಾ, ನೀವು ಹೇಳಿದಂಗ ಮಾಡಿದೆ. ನಸಿಕ್ಲೆ ವೋಲ್ಟೇಜ್ 12.2. ಫ್ರಿಜ್ಜು ಫ್ಯಾನು ಕೂಡಿ ಹಚ್ಚಿದ ಕೂಡಲೆ 11.3ಕ್ಕ ಇಳೀತು, ಸ್ವಲ್ಪ ಹೊತ್ತಿನ ಮ್ಯಾಲ 10.6. ಗ್ರ್ಯಾವಿಟಿ ಐದು ಸೆಲ್ಲಿನಾಗ 1.200, 1.205 ಹಿಂಗ ಅದ, ನೆಗೆಟಿವ್ ಕಡೀ ಒಂದು ಸೆಲ್ಲಿನಾಗ ಮಾತ್ರ 1.120. ನೀರು ಎಲ್ಲಾದರಾಗೂ ಬರೊಬ್ಬರಿ ಐತಿ. ಪ್ಯಾನಲ್ ಸ್ಟಿಕರಿನಾಗ ವಿಎಂಪಿ (ಪೂರಾ ಪವರ್ ಕೊಡೂ ಮುಂದಿನ ವೋಲ್ಟೇಜ್) 38, ಐಎಂಪಿ (ಆಗಿನ ಆಂಪು) 8.8, ವಿಓಸಿ (ಲೋಡ್ ಇಲ್ಲದಾಗಿನ ವೋಲ್ಟೇಜ್) 46 ಅಂತ ಐತಿ. ಕಂಟ್ರೋಲರ್ 30 ಆಂಪಿಂದು, ಮ್ಯಾಲ ಪಿಡಬ್ಲ್ಯುಎಂ ಅಂತ ಬರದೈತಿ, ಗಾಡಿ ಮಾಡಿಕೊಟ್ಟಾಂವನ ಹಾಕಿದ್ದು. ಅದರ ಡಿಸ್ಪ್ಲೇದಾಗ ಮಧ್ಯಾಹ್ನ 12ಕ್ಕ 8.5 ಆಂಪು ತೋರಸ್ತಿತ್ತು, ನಾ ಛಲೋ ಬರಾಕತ್ತೇತಿ ಅಂತ ತಿಳ್ಕೊಂಡೆ.

ಬೆಟಗೇರಿ_ಕಾಕಾ:

ಸಿಕ್ತು ನೋಡು. ಎರಡು ಕಥಿ ಅದಾವ ಇದರಾಗ.

ಒಂದು, ಆ 1.120 ಸೆಲ್ ಮುಗೀತು. ನಮ್ಮ ಇನ್ವರ್ಟರ್ ಟ್ಯೂಬುಲರ್ ಬ್ಯಾಟರಿ ಫುಲ್ ಚಾರ್ಜ್ ಆದಾಗ 1.240 ಹತ್ರ ಇರಬೇಕು, ಕಾರ್ ಬ್ಯಾಟರಿ ಆಗಿದ್ರ 1.280. ಒಂದು ಸೆಲ್ ಬಿದ್ರ ಉಳಿದ ಐದು ಗಟ್ಟಿ ಇದ್ರೂ ಲೋಡ್ ಹಾಕಿದ ಕೂಡಲೆ ಎರಡು ವೋಲ್ಟ್ ಕಡಿಮಿ ಆಗಿ 10.5ರ ಆಜೂಬಾಜೂಕ ಬಂದು ನಿಲ್ತದ, ಅದಕ್ಕ ಇನ್ವರ್ಟರ್ ಒದರತದ. ಒಂದ ಸೆಲ್ ರಿಪೇರಿ ಮಾಡಿಸೂ ಆಸೆ ಬಿಡು, ಸೀಲ್ ಮಾಡಿದ ಡಬ್ಬಿ, ಹೆಚ್ಚು ದಿನ ಬಾಳಂಗಿಲ್ಲ.

ಎರಡನೇದು ಇದಕ್ಕಿಂತ ದೊಡ್ಡದು. ಉಳಿದ ಐದೂ 1.205 ಮ್ಯಾಲ ಹೋಗಿಲ್ಲ ಅಂದ್ರ ಪೂರಾ ದಿನ ಬಿಸಿಲು ತಿಂದರೂ ಬ್ಯಾಟರಿ ಹೊಟ್ಟಿ ತುಂಬಿಲ್ಲ. ಅರ್ಧ ಹಸಿವಿನಾಗ ಇಟ್ಟ ಲೆಡ್ ಬ್ಯಾಟರಿ ಪ್ಲೇಟಿನ ಮ್ಯಾಲ ಸಲ್ಫೇಟ್ ಗಟ್ಟಿ ಆಗ್ತಾ ಹೋಗ್ತದ, ಆಮ್ಯಾಲ ಚಾರ್ಜ್ ಹಿಡಿಯೂದ ಇಲ್ಲ. ಯಾಕ ತುಂಬವಲ್ದು ಅಂದ್ರ ನಿನ್ನ ಪ್ಯಾನಲ್ಲು 72 ಸೆಲ್ಲಿಂದು, 38 ವೋಲ್ಟಿಗೆ 8.8 ಆಂಪು ಕೊಟ್ಟಾಗ 335 ವ್ಯಾಟು. ಪಿಡಬ್ಲ್ಯುಎಂ ಏನ್ ಮಾಡ್ತದ, ಪ್ಯಾನಲ್ಲನ್ನ ಸೀದಾ ಬ್ಯಾಟರಿಗೆ ಕಟ್ಟಿಬಿಡ್ತದ, ಪ್ಯಾನಲ್ ವೋಲ್ಟೇಜ್ 13ಕ್ಕ ಇಳೀತದ ಖರೆ ಆದ್ರ ಆಂಪು ಮಾತ್ರ ಏರಂಗಿಲ್ಲ. 13 ಗುಣಿಸು 8.8, ಅಂದ್ರ 115 ವ್ಯಾಟು ಅಷ್ಟ. ಮೂರು ಪಾಲಿನಾಗ ಎರಡು ಪಾಲು ಟಾಪಿನ ಮ್ಯಾಲ ಬಿಸಿ ಆಗಿ ಹೊಂಟು ಹೋಗಾಕತ್ತೇತಿ. ಎಂಪಿಪಿಟಿ ಅನ್ನೂ ಬ್ಯಾರೆ ಥರದ ಕಂಟ್ರೋಲರ್ ಹಾಕಿದ್ರ ಅದು 38 ವೋಲ್ಟನ್ನ ಇಳಿಸಿ ಆಂಪನ್ನ ಏರಿಸ್ತದ, ಅದ ಪ್ಯಾನಲ್ಲಿನಿಂದ ನಡುಹಗಲು 19, 20 ಆಂಪ್ ಬರಬೇಕು.

ಹಾವೇರಿ_ವಾಯರ್‌ಮನ್:

ಕಾಕಾ ಹೇಳಿದ್ದು ಬರೊಬ್ಬರಿ ಐತಿ, ಲೆಕ್ಕ ನಾ ಹಾಕ್ತೇನ್ರಿ. ಫ್ರಿಜ್ ಚಾಲೂ ಇದ್ದಾಗ 4 ಆಂಪು, ಆದ್ರ ಕಂಪ್ರೆಸರ್ ಬಂದ್ ಚಾಲೂ ಆಗ್ತಾ ಇರ್ತದ, ನಮ್ಮ ಕಡಿ ಬ್ಯಾಸಿಗ್ಯಾಗ 24 ತಾಸಿಗೆ 10, 11 ತಾಸು ಓಡ್ತದ ಅಂತ ಹಿಡಿರಿ, 40 ಚಿಲ್ರೆ ಎಎಚ್. ಕಡಿಮಿ ಕರೆಂಟ್ ತಿನ್ನೂ ಬಿಎಲ್‌ಡಿಸಿ ಫ್ಯಾನ್ ಎರಡು ರಾತ್ರಿ ಪೂರಾ ತಿರಗಿದ್ರ 16ರಿಂದ 20. ಲೈಟು, ನೀರಿನ ಪಂಪು, ಮೊಬೈಲು, ಇನ್ವರ್ಟರ್ ಬರೇ ಚಾಲೂ ಇಟ್ರ ತಿನ್ನೂದು ಎಲ್ಲಾ ಸೇರಿ 10. ಅಲ್ಲಿಗೆ ದಿನಾ 70 ಎಎಚ್ ಖರ್ಚು. ಆಮದು ಎಷ್ಟು? 8.5 ಆಂಪು, ಛಲೋ ಬಿಸಿಲು ಅಂದ್ರ ನಾಕೂವರಿ ತಾಸಿನ ಲೆಕ್ಕ, 38 ಎಎಚ್. ದಿನಾ 30 ಸಾಲ. ಇದರಾಗ 200 ಹಾಕಿದ್ರ ಏನಾಗ್ತದ್ರಿ, ಸಾಲ ಮಾಡಾಕ ದೊಡ್ಡ ಬ್ಯಾಂಕ್ ಸಿಕ್ಕಂಗ ಅಷ್ಟ. ಎಂಪಿಪಿಟಿ ಮ್ಯಾಲ 85 ಬರ್ತದ, ಖರ್ಚು ಮುಟ್ಟಿ ಮಿಗತದ.

ಇನ್ನೊಂದು. ಎಂಜಿನ್ ಓಡೂ ಮುಂದ ಹಿಂದಿನ ಬ್ಯಾಟರಿನೂ ಚಾರ್ಜ್ ಆಗ್ಲಿ ಅಂತ ಡೈನಮೋದಿಂದ ರಿಲೇ (ತಾನ ಚಾಲೂ ಬಂದ್ ಆಗೂ ಸ್ವಿಚ್) ಹಾಕಿ ಹಿಂದಕ್ಕ ವಾಯರ್ ಎಳದಿರ್ತಾರ, ಅದು ಎಷ್ಟ ದಪ್ಪ ಐತಿ? ಬಹುತೇಕ 6 ಸ್ಕ್ವೇರ್ ಎಂಎಂ ಇರ್ತದ. ಹೋಗಾಕ 5 ಮೀಟರ್ ಬರಾಕ 5 ಮೀಟರ್, 25 ಆಂಪ್ ಹರದ್ರ ಮುಕ್ಕಾಲ ವೋಲ್ಟ್ ದಾರ್ಯಾಗ ಹೋಗ್ತದ. ಡೈನಮೋ 14.1 ಕೊಟ್ರ ಹಿಂದ 13.3 ಮುಟ್ಟತದ, ಅದರಿಂದ ಲೆಡ್ ಬ್ಯಾಟರಿ ಲಗೂನ ಫುಲ್ ಆಗಂಗಿಲ್ಲ.

ಮತ್ತ ಹಾಸಿಗಿ ಕೆಳಗ ಎಸಿಡ್ ಬ್ಯಾಟರಿ ಇಟ್ಟು ಅದರ ಮ್ಯಾಲ ಮಲಗೂದು ನನಗ ಬಿಲ್ಕುಲ್ ಸರಿ ಅನಿಸಂಗಿಲ್ರಿ. ಚಾರ್ಜ್ ಆಗೂ ಮುಂದ ಹೈಡ್ರೋಜನ್ ಬಿಡ್ತದ, ಅದು ಹತ್ತಿಕೊಳ್ಳೂ ಗ್ಯಾಸ್, ಬಾಜೂಕ ನಿಮ್ಮ ಸ್ಟೋವ್ ಐತಿ. ಪೈಪ್ ಹಾಕಿ ಹೊರಗ ಬಿಟ್ಟಾರೇನು ನೋಡ್ರಿ, ಇಲ್ಲಂದ್ರ ಇವತ್ತಿಂದನ ಅದರ ಮ್ಯಾಲ ಮಲಗೂದು ಬಂದ್ ಮಾಡ್ರಿ. ಟ್ಯೂಬುಲರ್ ಮನ್ಯಾಗ ಒಂದ ಕಡೆ ಕುಂತು ಕೆಲಸ ಮಾಡಾಕ ಮಾಡಿದ್ದು, ಅರಬೈಲ್ ಘಾಟಿನಾಗ ತಿರುವಿಗೆ ತಿರುವಿಗೆ ಎಸಿಡ್ ಹೊಯ್ದಾಡಕೋತ ಹೋಗಾಕ ಅಲ್ಲ. 200ರದು ಅಂದ್ರ 60 ಕೆಜಿ ದಾಟ್ತದ, ಬ್ರೇಕ್ ಹೊಡದಾಗ ಅದು ಎಲ್ಲಿ ಬರ್ತದ ವಿಚಾರ ಮಾಡ್ರಿ.

ಬೆಟಗೇರಿ_ಕಾಕಾ:

ವಾಯರ್‌ಮನ್ ಅಣ್ಣಾರ, ಟ್ಯೂಬುಲರಿಗೆ ಅಷ್ಟ ಬೈಬ್ಯಾಡ್ರಿ. ಹೊರಗ ಚಾಸಿಸ್ಸಿಗೆ ಗಟ್ಟಿ ಪೆಟ್ಟಿಗಿ ಮಾಡಿ, ಗಾಳಿ ಬಿಟ್ಟು ಹಾಕಿದ್ರ ಇವತ್ತಿಗೂ ರೊಕ್ಕಕ್ಕ ಅದ ಛಲೋ, ಯಾವ ಊರಿಗೆ ಹೋದ್ರೂ ರಿಪೇರಿ ಮಾಡೂ ಮನಷಾ ಸಿಗ್ತಾನ. ಖರೆ ಮಾತು ಏನಂದ್ರ ಗದಗಿನ ಏಪ್ರಿಲ್ ಬಿಸಿಲಿನಾಗ ಬಂದ್ ಗಾಡಿ ಒಳಗ ಯಾವ ಲೆಡ್ ಬ್ಯಾಟರಿಯೂ ಭಾಳ ದಿನ ಬಾಳಂಗಿಲ್ಲ, 25 ಡಿಗ್ರಿ ಮ್ಯಾಲ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧ ಅಂತ ಹಿಡೀತಾರ.

ಸಪ್ತಾಪುರ_ಎಲೆಕ್ಟ್ರಾನಿಕ್ಸ್ (ಧಾರವಾಡ):

ತಡ ಆಗಿ ಬಂದೆ. ನನ್ನ ಅಭಿಪ್ರಾಯ ಸೀದಾ ಹೇಳ್ತೇನಿ: ಮೊದ್ಲ ಎಂಪಿಪಿಟಿ, ಆಮ್ಯಾಲ 100 ಎಎಚ್ ಲಿಥಿಯಂ ಫಾಸ್ಫೇಟ್, ಅಂದ್ರ ಎಲ್‌ಎಫ್‌ಪಿ 12.8 ವೋಲ್ಟಿಂದು. 200 ಟ್ಯೂಬುಲರ್ ಬ್ಯಾಡ. ಲೆಡ್ಡಿನಾಗ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಆಯುಷ್ಯ ಲಗೂನ ಕಡಿಮಿ ಆಗ್ತದ, ಅದಕ್ಕ 150 ಅಂದ್ರ ದಿನಾ ಬಳಸಾಕ 75ರ ಲೆಕ್ಕ. ಎಲ್‌ಎಫ್‌ಪಿನಾಗ 80, 90 ಆರಾಮ ತಗೀಬಹುದು, ನಿಮ್ಮ 70ಕ್ಕ ಸಾಕು. ತೂಕ 11ರಿಂದ 13 ಕೆಜಿ, ಗ್ಯಾಸ್ ಬಿಡಂಗಿಲ್ಲ, ಒಳಗ ಇಡಾಕ ಬರ್ತದ. ದೊಡ್ಡ ಲಾಭ ನನ್ನ ಪ್ರಕಾರ ಇದು ಯಾವುದೂ ಅಲ್ಲ, ಅರ್ಧ ಹಸಿವಿನಾಗ ಇದ್ರೂ ಅದಕ್ಕ ಏನೂ ಆಗಂಗಿಲ್ಲ ಅನ್ನೂದು. ಮಳಿಗಾಲದಾಗ ಪ್ಯಾನಲ್ ದಿನಾ ಫುಲ್ ಮಾಡವಲ್ದು, ಲೆಡ್ ಅಲ್ಲೇ ಸಾಯ್ತದ, ಇದು ಸಾಯಂಗಿಲ್ಲ. ಎಜಿಎಂ ಅಂತ ಯಾರಾರ ಹೇಳಿದ್ರ ಅದೂ ಲೆಡ್ಡ, 100 ತಗೊಂಡ್ರ 50 ಕೈಗೆ.

ಆದ್ರ ತಗೊಳ್ಳೂ ಮುಂದ ಕಣ್ಣ ತಗದು ತಗೋರಿ. ಹಳೇ ಸೆಲ್ ಕೂಡಿಸಿ ಹೊಸ ಡಬ್ಬಿ ಹಾಕಿ ಮಾರೂ ಮಂದಿ ಅದಾರ. 100 ಎಎಚ್ ಅಂತ ಬರದು 7 ಕೆಜಿ ತೂಗಿದ್ರ ಅಲ್ಲೇ ಬಿಟ್ಟು ಬರ್ರಿ. ಬಿಲ್ಲಿನ ಮ್ಯಾಲ ಎಲ್‌ಎಫ್‌ಪಿ ಅಂತ ಬರಸ್ರಿ, ಬರೇ ಲಿಥಿಯಂ ಅಂತಲ್ಲ. ಮನಿಗೆ ತಂದು ಫುಲ್ ಚಾರ್ಜ್ ಮಾಡಿ 10 ಆಂಪಿನ ಲೋಡ್ ಹಚ್ಚಿದ್ರ ಹತ್ತು ತಾಸಿನ ಹತ್ರ ಓಡಬೇಕು, ಏಳಕ್ಕ ನಿಂತ್ರ ವಾಪಸ್. ವೋಲ್ಟೇಜ್ ನೋಡಿ ಇದರ ಚಾರ್ಜ್ ಹೇಳಾಕ ಬರಂಗಿಲ್ಲ, ಹೆಚ್ಚೂ ಕಡಿಮಿ ಪೂರಾ ದಾರಿ 13.2, 13.1 ಅಂತ ಚಪ್ಪಟಿ ಇರ್ತದ, ಅದಕ್ಕ ಒಳಗ ಹೊರಗ ಹರದ ಕರೆಂಟ್ ಎಣಿಸೂ ಶಂಟ್ ಮೀಟರ್ ಒಂದು ಹಾಕ್ಸ್ರಿ.

ಸ್ಪಿತಿ ಅಂದ್ರಿ. ಸೆಲ್ ಸೊನ್ನೆ ಡಿಗ್ರಿಗಿಂತ ಕೆಳಗ ಇದ್ದಾಗ ಎಲ್‌ಎಫ್‌ಪಿ ಚಾರ್ಜ್ ಮಾಡಬಾರದು, ಒಳಗ ಲಿಥಿಯಂ ಪದರ ಕಟ್ಟಿ ಕಾಯಂ ಹಾಳಾಗ್ತದ. ಅಲ್ಲಿ ಮುಂಜಾನೆ ಬಿಸಿಲು ಬಿದ್ದ ಕೂಡಲೆ ಪ್ಯಾನಲ್ ಚಾರ್ಜ್ ಕೊಡಾಕ ಚಾಲೂ ಮಾಡ್ತದ, ಬ್ಯಾಟರಿ ಇನ್ನೂ ಥಣ್ಣಗ ಇರ್ತದ. ಬಿಎಂಎಸ್‌ನಾಗ (ಬ್ಯಾಟರಿ ಒಳಗಿನ ಕಾವಲು ಸರ್ಕ್ಯೂಟ್) ಲೋ ಟೆಂಪರೇಚರ್ ಕಟ್‌ಆಫ್, ಅಂದ್ರ ಥಂಡಿಯಾಗ ಚಾರ್ಜ್ ಬಂದ್ ಮಾಡೂದು, ಐತೇನು ಕೇಳ್ರಿ, ಎಲ್ಲಾದರಾಗೂ ಇರಂಗಿಲ್ಲ. ಇದ್ರ ತಗೋರಿ, ಮತ್ತ ಬ್ಯಾಟರಿ ಒಳಗಿನ ಕ್ಯಾಬಿನ್ನಿನಾಗ ಇರಲಿ. ಬ್ಯಾಸಿಗ್ಯಾಗ ಉಲ್ಟಾ, 45 ಡಿಗ್ರಿ ಮ್ಯಾಲ ಚಾರ್ಜ್ ಬ್ಯಾಡ, ಬಿಸಿಲಾಗ ಬಂದ್ ಮಾಡಿ ನಿಂದ್ರಿಸೂ ಮುಂದ ಒಂದು ಕಿಡಕಿ ಸಂದು ಬಿಟ್ಟ ಹೋಗ್ರಿ.

ರಾಣೆಬೆನ್ನೂರ್_ಬುಲೆಟ್:

ನಾ ಮೊದಲ್ನೇ ಕಮೆಂಟಿನಾಗ ಇದನ್ನ ಹೇಳಿದ್ನೆಲ್ರಿ 😄 ಈಗ ಇಂಡಕ್ಷನ್ನೂ ಹಚ್ಚ್ರಿ.

ಹಾವೇರಿ_ವಾಯರ್‌ಮನ್:

ಬುಲೆಟ್ ತಮ್ಮಾ, ಎಂಪಿಪಿಟಿ ಇಲ್ಲದ ನಿನ್ನ ಲಿಥಿಯಂನೂ ಎರಡನೇ ದಿನಕ್ಕ ಮಲಗ್ತಿತ್ತು. ಇಂಡಕ್ಷನ್ ಮಾತ ಬ್ಯಾಡ, 2000 ವ್ಯಾಟ್ ಅಂದ್ರ 12 ವೋಲ್ಟಿನಾಗ 190 ಆಂಪು, 100 ಆಂಪಿನ ಬಿಎಂಎಸ್ ಟಕ್ಕಂತ ಬಂದ್ ಆಗ್ತದ. ಮಿಕ್ಸರ್ ನಡೀತದ, ಚಟ್ನಿ ಪುಡಿ ಕುಟ್ಟಾಕ ಎಷ್ಟ ಹೊತ್ತ ಬೇಕು. ಅಡಗಿ ಗ್ಯಾಸ್ ಮ್ಯಾಲ ಇರಲಿ.

ಗೋಕುಲ್‌ರೋಡ್_ಟಿಟಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ವಾಯರ್ ನೋಡಿದೆ, 6 ಸ್ಕ್ವೇರ್ ಎಂಎಂ ಐತಿ, ಪೈಪ್ ಗೀಪ್ ಏನೂ ಬಿಟ್ಟಿಲ್ಲ. ಎಂಪಿಪಿಟಿ ಮತ್ತ 100 ಎಎಚ್ ಎಲ್‌ಎಫ್‌ಪಿ ಅಂತ ಗಟ್ಟಿ ಮಾಡಿದೆ, ರೇಟ್ ಕೇಳಿ ಮನ್ಯಾಗ ಸ್ವಲ್ಪ ಗದ್ದಲ ಆತು ಆದ್ರ ಮೊಸರಿನ ಹೆಸರ ಹೇಳಿ ಒಪ್ಪಿಸಿದೆ. ಇನ್ನ ಕೆಲವು ಕೇಳೂದೈತಿ: ಎಂಪಿಪಿಟಿ ಎಷ್ಟ ಆಂಪಿಂದು? ಡೈನಮೋ ರಿಲೇ ಹಂಗ ಇರಲೇನು? ಮನಿ ಕರೆಂಟಿನಿಂದ ಇದ ಇನ್ವರ್ಟರ್ ಚಾರ್ಜ್ ಮಾಡ್ತಿತ್ತು, ಲಿಥಿಯಂಗೂ ನಡೀತದೇನು?

ಸಪ್ತಾಪುರ_ಎಲೆಕ್ಟ್ರಾನಿಕ್ಸ್:

30 ಆಂಪು ಸಾಕು, 335ನ್ನ 13ರಿಂದ ಭಾಗಿಸಿದ್ರ 26 ಬರ್ತದ. ಪ್ಯಾನಲ್ ಕಡೆ 100 ವೋಲ್ಟ್ ತಡಿಯೂವಂಥಾದ್ದು ತಗೋರಿ, 46 ವಿಓಸಿಗೆ 50ರದು ಭಾಳ ಹತ್ರ ಆತು, ಥಂಡಿ ಊರಿನಾಗ ವಿಓಸಿ ಇನ್ನೂ ಏರ್ತದ. ಸೆಟ್ಟಿಂಗಿನಾಗ ಚಾರ್ಜ್ 14.2ರಿಂದ 14.4 ವೋಲ್ಟ್, ಫ್ಲೋಟ್ (ಫುಲ್ ಆದಮ್ಯಾಲ ಹಿಡಿಯೂ ವೋಲ್ಟೇಜ್) 13.5, ಲೆಡ್ಡಿಗೆ ಅಂತ ಇರೂ ಇಕ್ವಲೈಜ್ ಬಂದ್, ಟೆಂಪರೇಚರ್ ಕಾಂಪನ್ಸೇಶನ್ ಬಂದ್. ಆದ್ರೂ ಬ್ಯಾಟರಿ ಜೋಡಿ ಬಂದ ಚೀಟಿ ಏನ್ ಹೇಳ್ತದ ಅದ ಕಡೀ ಮಾತು.

ರಿಲೇ ತಗಸ್ರಿ. ಎಲ್‌ಎಫ್‌ಪಿ ಖಾಲಿ ಇದ್ದಾಗ ಎಷ್ಟ ಕೊಟ್ರೂ ಎಳೀತದ, ಗಾಡಿ ನಿಂತ ಜಾಗದಾಗ ಎಂಜಿನ್ ಓಡಿಸಿದ್ರ ಡೈನಮೋ ಕಾದು ಸುಟ್ಟ ಹೋಗಬಹುದು. ಅದರ ಜಾಗಾಕ 30 ಆಂಪಿನ ಡಿಸಿ ಟು ಡಿಸಿ ಚಾರ್ಜರ್ (ಡೈನಮೋದಿಂದ ಮಿತಿ ಇಟ್ಟು ಕರೆಂಟ್ ಎಳದು ಚಾರ್ಜ್ ಮಾಡೂ ಡಬ್ಬಿ) ಮತ್ತ 16 ಸ್ಕ್ವೇರ್ ಎಂಎಂ ವಾಯರು. ರೊಕ್ಕ ಈಗ ಇಲ್ಲಂದ್ರ ರಿಲೇ ಬಿಚ್ಚಿ ಬರೇ ಸೋಲಾರ್ ಮ್ಯಾಲ ಓಡಸ್ರಿ, ಮಳಿಗಾಲ ಬರೂದರೊಳಗ ಚಾರ್ಜರ್ ಹಾಕ್ಸ್ರಿ. ಇದನ್ನ ಓದೂ ಬಿಎಸ್6 ಗಾಡಿಯವರು ಮೊದ್ಲ ತಮ್ಮ ಗಾಡ್ಯಾಗ ಸ್ಮಾರ್ಟ್ ಡೈನಮೋ ಐತೇನು ನೋಡ್ಕೋರಿ, ಅದರಾಗ ವೋಲ್ಟೇಜ್ ಮ್ಯಾಲ ಕೆಳಗ ಆಡ್ತದ, ರಿಲೇ ನಡಿಯಂಗಿಲ್ಲ.

ಇನ್ವರ್ಟರಿನಾಗ ಲಿಥಿಯಂ ಮೋಡ್ ಇದ್ರ ಸರಿ. ಟ್ಯೂಬುಲರ್ ಮೋಡ್ ಅಷ್ಟ ಇದ್ರ ಅದರಿಂದ ಚಾರ್ಜ್ ಬ್ಯಾಡ, ಬ್ಯಾರೆ ಎಲ್‌ಎಫ್‌ಪಿ ಚಾರ್ಜರ್ ತಗೋರಿ.

ಬೆಟಗೇರಿ_ಕಾಕಾ:

ಎಂಜಿನ್ ಬ್ಯಾಟರಿ ಲೆಡ್ ಐತಿ, ಹಂಗ ಇರಲಿ, ಅದನ್ನೂ ಲಿಥಿಯಂ ಮಾಡ್ತೇನಿ ಅಂತ ಹೊಂಡಬ್ಯಾಡ. ಹಳೇ ಟ್ಯೂಬುಲರನ್ನ ಗುಜರಿ ಗಾಡಿಗೆ ಹಾಕಬ್ಯಾಡ, ಎಸಿಡ್ ಗಟಾರಕ್ಕ ಸುರೂತಾರ. ಬ್ಯಾಟರಿ ಅಂಗಡಿಗೆ ಕೊಡು, ತೂಕದ ಮ್ಯಾಲ ರೊಕ್ಕ ಕೊಡ್ತಾರ, 2022ರ ಬ್ಯಾಟರಿ ತ್ಯಾಜ್ಯ ನಿಯಮದಾಗ ಅದನ್ನ ವಾಪಸ್ ತಗೊಳ್ಳೂ ಜವಾಬ್ದಾರಿ ಕಂಪನಿದು.

ಹಾವೇರಿ_ವಾಯರ್‌ಮನ್:

ಫ್ಯೂಸ್ ಯಾರೂ ಹೇಳಲಿಲ್ಲ ನೋಡ್ರಿ. ನಿಮ್ಮ 1000 ವ್ಯಾಟ್ ಇನ್ವರ್ಟರ್ ಫುಲ್ ಲೋಡಿನಾಗ 90 ಆಂಪ್ ದಾಟ್ತದ, ಅದಕ್ಕ 35 ಸ್ಕ್ವೇರ್ ಎಂಎಂ ತಾಮ್ರದ ವಾಯರು, 125 ಆಂಪಿನ ಬೋಲ್ಟ್ ಹಾಕೂ ಫ್ಯೂಸು, ಬ್ಯಾಟರಿ ಪಾಸಿಟಿವ್‌ನಿಂದ ಒಂದ್ ಗೇಣಿನೊಳಗ. ಕಾರಿನ ಬ್ಲೇಡ್ ಫ್ಯೂಸ್ ನಡಿಯಂಗಿಲ್ಲ. ವಾಯರ್ ತುದಿಯ ಲಗ್ಗು ಸರಿಯಾಗಿ ಒತ್ತಿ ಕ್ರಿಂಪ್ ಮಾಡಸ್ರಿ, ಸುತ್ತಿಗಿಲೆ ಬಡಿಯೂ ಅಂಗಡಿಗೆ ಹೋಗಬ್ಯಾಡ್ರಿ. ಗಾಡಿ ಮಳಿಗಾಲ ಪೂರಾ ಶೆಡ್ಡಿನಾಗ ನಿಲ್ಲೂದಿದ್ರ ಬ್ಯಾಟರಿ ಅರ್ಧ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟು ಇನ್ವರ್ಟರ್ ವಾಯರ್ ಬಿಚ್ಚಿ ಇಡ್ರಿ, ಫುಲ್ ಮಾಡಿ ಇಡಬ್ಯಾಡ್ರಿ. ಮತ್ತ ಈಗ ಹಳೇದು ತಗಿಯೂ ಮುಂದ ಮೊದ್ಲ ಪ್ಯಾನಲ್ ವಾಯರ್ ಬಿಚ್ಚ್ರಿ, ಆಮ್ಯಾಲ ಬ್ಯಾಟರಿ. ಹೊಸಾದು ಹಾಕೂ ಮುಂದ ಉಲ್ಟಾ, ಮೊದ್ಲ ಬ್ಯಾಟರಿ, ಸೆಟ್ಟಿಂಗ್, ಕಡೀಕ ಪ್ಯಾನಲ್, ಇಲ್ಲಾಂದ್ರ ಹೊಸ ಎಂಪಿಪಿಟಿ ಡಬ್ಬಿ ತಗದ ದಿನಾನ ಸುಟ್ಟ ಹೋಗಬಹುದು.